ಪೆಪ್ಟೈಡ್ ಹೊತ್ತ ನ್ಯಾನೋಕಣ ಗೆಡ್ಡೆಯನ್ನು ಗುರುತಿಸದಿದ್ದಾಗ: ದೋಷ ನಿವಾರಣೆ ಕೈಪಿಡಿ

ಕ್ಯಾನ್ಸರ್ ಔಷಧ ತುಂಬಿದ ನ್ಯಾನೋಕಣದ ಮೇಲ್ಮೈಗೆ, ಗೆಡ್ಡೆಯ ಕೋಶಗಳನ್ನೋ ಗೆಡ್ಡೆಯ ರಕ್ತನಾಳಗಳನ್ನೋ ಹುಡುಕಿ ಹಿಡಿಯಬಲ್ಲ ಚಿಕ್ಕ ಪೆಪ್ಟೈಡನ್ನು (ಅಮೈನೋ ಆಮ್ಲಗಳ ಕಿರು ಸರಪಳಿಯನ್ನು) ಕೂಡಿಸಿದ ಮೇಲೂ, ಪೆಪ್ಟೈಡ್ ಇರುವ ಕಣಕ್ಕೂ ಇಲ್ಲದ ಕಣಕ್ಕೂ ವ್ಯತ್ಯಾಸವೇ ಕಾಣದಿರುವುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಚಿರಪರಿಚಿತವಾದ ತೊಂದರೆ. ಆಗ ಪೆಪ್ಟೈಡನ್ನೇ ದೂಷಿಸಿ ಬೇರೊಂದು ಅನುಕ್ರಮವನ್ನು ಹುಡುಕಲು ಹೊರಡುವವರು ಹೆಚ್ಚು. ಆದರೆ 1984ರಲ್ಲಿ ಪಿಯರ್ಶ್‌ಬಾಕರ್ ಮತ್ತು ರುವೊಸ್ಲಾಹ್ಟಿ ಅವರು ಫೈಬ್ರೊನೆಕ್ಟಿನ್ ಪ್ರೋಟೀನಿನಲ್ಲಿ ಗುರುತಿಸಿದ ಆರ್ಜಿನೈನ್-ಗ್ಲೈಸಿನ್-ಆಸ್ಪಾರ್ಟಿಕ್ ಆಮ್ಲದ ತುಣುಕು, ಅಂದರೆ ಆರ್‌ಜಿಡಿ, ಅಂದಿನಿಂದ ಅಸಂಖ್ಯ ಪ್ರಯೋಗಾಲಯಗಳಲ್ಲಿ ಕೋಶದ ಹೊರಮೈಯಲ್ಲಿರುವ ಇಂಟೆಗ್ರಿನ್ ಎಂಬ ಗ್ರಾಹಿಗಳಿಗೆ (ನಿರ್ದಿಷ್ಟ ಅಣುಗಳನ್ನು ಹಿಡಿಯುವ ಪ್ರೋಟೀನುಗಳಿಗೆ) ಅಂಟಿಕೊಂಡು ತೋರಿಸಿದೆ. ಅಂತಹ ತುಣುಕು ಒಂದು ಕಣದ ಮೇಲೆ ಸುಮ್ಮನಾಗಿದ್ದರೆ, ದೋಷವು ಅನುಕ್ರಮದಲ್ಲಿರುವುದಕ್ಕಿಂತ ಅದನ್ನು ಕಣಕ್ಕೆ ಕೂಡಿಸಿದ ರೀತಿಯಲ್ಲೋ ಪರೀಕ್ಷಿಸಿದ ರೀತಿಯಲ್ಲೋ ಇರುವ ಸಂಭವವೇ ಹೆಚ್ಚು. ಆದ್ದರಿಂದ ಇಲ್ಲಿ ಪೆಪ್ಟೈಡಿನ ಸೀಸೆಯಿಂದ ಆರಂಭಿಸಿ, ಬಂಧ, ಮೇಲ್ಮೈ, ಕೋಶದ ತಟ್ಟೆ, ಸೀರಮ್, ಕೊನೆಗೆ ಪ್ರಾಣಿ ಎಂಬ ಕ್ರಮದಲ್ಲಿ ಮುಂದುವರಿಯಲಾಗಿದೆ. ಪ್ರಾಣಿ ಪ್ರಯೋಗವನ್ನು ಕೊನೆಗೆ ಇಟ್ಟಿರುವುದಕ್ಕೆ ಖರ್ಚು ಮಾತ್ರ ಕಾರಣವಲ್ಲ. ತಟ್ಟೆಯಲ್ಲೇ ಸಿಗಬಹುದಾಗಿದ್ದ ಉತ್ತರಕ್ಕಾಗಿ ಪ್ರಾಣಿಗಳನ್ನು ಬಳಸುವುದು ಸಲ್ಲದು.

ಲಕ್ಷಣವನ್ನು ನಿಖರವಾಗಿ ಹೇಳಿಕೊಳ್ಳುವುದು

"ಕಣ ಕೆಲಸ ಮಾಡುತ್ತಿಲ್ಲ" ಎಂಬುದು ಲಕ್ಷಣವಲ್ಲ. ಪೆಪ್ಟೈಡ್ ಹೊತ್ತ ಕಣವೂ ಹೊರದ ಕಣವೂ ಕೋಶಗಳಿಗೆ ಒಂದೇ ಪ್ರಮಾಣದಲ್ಲಿ, ಕಡಿಮೆ ಅಂಟಿಕೊಂಡರೆ ಅದು ಒಂದು ಬಗೆಯ ದೋಷ. ಪೆಪ್ಟೈಡ್ ಹೊತ್ತ ಕಣವು ಗ್ರಾಹಿ ಇರುವ ಕೋಶಕ್ಕೂ ಇಲ್ಲದ ಕೋಶಕ್ಕೂ ಧಾರಾಳವಾಗಿ ಅಂಟಿಕೊಂಡರೆ ಅದು ಮತ್ತೊಂದು. ತಟ್ಟೆಯಲ್ಲಿ ಸೊಗಸಾಗಿ ನಡೆದದ್ದು ಇಲಿಯಲ್ಲಿ ಮಾಯವಾದರೆ ಅದು ಮೂರನೆಯದು. ಈ ಮೂರನ್ನು ಬೇರ್ಪಡಿಸಬೇಕಾದರೆ ಕೆಲವು ಹೋಲಿಕೆಗಳು ಕೈಯಲ್ಲಿರಲೇಬೇಕು. ಪೆಪ್ಟೈಡ್ ಇಲ್ಲದ ಕಣ ಇದ್ದರೆ ಸಾಲದು, ಏಕೆಂದರೆ ಯಾವ ಪೆಪ್ಟೈಡನ್ನು ಕೂಡಿಸಿದರೂ ಕಣದ ವಿದ್ಯುದಾವೇಶ ಮತ್ತು ಗಾತ್ರ ಬದಲಾಗುತ್ತವೆ. ಆದ್ದರಿಂದ ಆಸ್ಪಾರ್ಟಿಕ್ ಆಮ್ಲದ ಜಾಗದಲ್ಲಿ ಗ್ಲುಟಾಮಿಕ್ ಆಮ್ಲವನ್ನಿಟ್ಟ ಆರ್‌ಜಿಇಯಂತಹ, ಆವೇಶ ಒಂದೇ ಆಗಿದ್ದೂ ಗ್ರಾಹಿಗೆ ಹೊಂದದ ಪೆಪ್ಟೈಡನ್ನು ಕೂಡಿಸಿದ ಕಣ ಬೇಕು. ಜೊತೆಗೆ, ಬಿಡಿ ಪೆಪ್ಟೈಡನ್ನು ಹೆಚ್ಚು ಪ್ರಮಾಣದಲ್ಲಿ ಮೊದಲೇ ಹಾಕಿ ಗ್ರಾಹಿಗಳನ್ನು ತುಂಬಿಸಿದಾಗ ಕಣದ ಅಂಟುವಿಕೆ ಇಳಿಯುತ್ತದೆಯೇ ಎಂಬ ಸ್ಪರ್ಧೆಯ ಪರೀಕ್ಷೆ ಬೇಕು. ಸ್ಪರ್ಧೆಯ ಪರೀಕ್ಷೆಯಿಲ್ಲದೆ "ಗುರಿ ಮುಟ್ಟಿದೆ" ಎನ್ನುವುದನ್ನಾಗಲಿ "ಮುಟ್ಟಿಲ್ಲ" ಎನ್ನುವುದನ್ನಾಗಲಿ ನಾನು ಒಪ್ಪುವುದಿಲ್ಲ.

ಸೀಸೆಯಲ್ಲಿರುವ ಪೆಪ್ಟೈಡ್

ತಯಾರಕರ ಪ್ರಮಾಣಪತ್ರವು ಪೆಪ್ಟೈಡ್ ಹೊರಟ ದಿನದ ಸ್ಥಿತಿಯನ್ನು ಹೇಳುತ್ತದೆ. ಬಳಸುವ ದಿನದ ಸ್ಥಿತಿಯನ್ನು ಮಾಸ್ ಸ್ಪೆಕ್ಟ್ರೋಮೀಟರ್ ಮತ್ತು ದ್ರವ ಕ್ರೊಮಟೊಗ್ರಫಿಯಿಂದಲೇ ತಿಳಿಯಬೇಕು. ಮೆಥಿಯೋನಿನ್ ಉತ್ಕರ್ಷಣಗೊಂಡಿದ್ದರೆ ರಾಶಿ 16 ಡಾಲ್ಟನ್ (ಅಣುರಾಶಿಯ ಮಾನ) ಏರುತ್ತದೆ. ಎರಡು ಪೆಪ್ಟೈಡ್‌ಗಳ ಸಿಸ್ಟೀನ್‌ಗಳು ಗಂಧಕದ ಸೇತುವೆಯಿಂದ ಜೋಡಿಗೊಂಡಿದ್ದರೆ ರಾಶಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇವೆರಡೂ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದೆ ದಾರಿ ತಪ್ಪಿಸುವುದು ಎನ್‌ಜಿಆರ್ ಪೆಪ್ಟೈಡಿನ ಪ್ರಕರಣ. ಆಸ್ಪರಜಿನ್-ಗ್ಲೈಸಿನ್-ಆರ್ಜಿನೈನ್ ಎಂಬ ಈ ಅನುಕ್ರಮವು ಗೆಡ್ಡೆಯ ರಕ್ತನಾಳಗಳಲ್ಲಿರುವ ಸಿಡಿ13 ಎಂಬ ಕಿಣ್ವವನ್ನು ಗುರುತಿಸುತ್ತದೆ. ಆದರೆ ದೇಹದ ತಾಪಮಾನದ ತಟಸ್ಥ ದ್ರಾವಣದಲ್ಲಿ ಇಟ್ಟರೆ ಗಂಟೆಗಳೊಳಗೇ ಆಸ್ಪರಜಿನ್ ತನ್ನ ಅಮೈಡ್ ಗುಂಪನ್ನು ಕಳೆದುಕೊಂಡು ಐಸೋಆಸ್ಪಾರ್ಟೇಟ್ ಆಗತೊಡಗುತ್ತದೆ, ಮತ್ತು ಹಾಗೆ ಹುಟ್ಟುವ ಐಸೋಡಿಜಿಆರ್ ಸಿಡಿ13ರ ಬದಲು ಇಂಟೆಗ್ರಿನ್‌ಗೆ ಅಂಟಿಕೊಳ್ಳುತ್ತದೆ. ರಾಶಿಯಲ್ಲಿ ಆಗುವ ಬದಲಾವಣೆ ಸುಮಾರು 1 ಡಾಲ್ಟನ್ ಮಾತ್ರ. ಸಿಡಿ13 ಇಲ್ಲದ ಕೋಶಗಳಿಗೂ ಎನ್‌ಜಿಆರ್ ಕಣ ಅಂಟುತ್ತಿದೆ ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ದ್ರಾವಣದ ವಯಸ್ಸನ್ನು.

ತೂಕದ ವಿಷಯದಲ್ಲೂ ಒಂದು ಎಚ್ಚರ ಬೇಕು. ಒಣ ಪುಡಿಯ ತೂಕದಲ್ಲಿ ಟ್ರೈಫ್ಲೋರೊಅಸಿಟೇಟ್ ಲವಣವೂ ನೀರೂ ಸೇರಿರುತ್ತವೆ. ಶುದ್ಧತೆಯ ಶೇಕಡಾವಾರು ಸಂಖ್ಯೆ ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ತೂಗಿದಷ್ಟೂ ಪೆಪ್ಟೈಡ್ ಎಂದು ಭಾವಿಸಿ ಲೆಕ್ಕ ಹಾಕಿದರೆ ಕೂಡಿಕೆಯ ಕ್ರಿಯೆಗೆ ಅಂದುಕೊಂಡದ್ದಕ್ಕಿಂತ ಕಡಿಮೆ ಪೆಪ್ಟೈಡ್ ಹೋಗಿರುತ್ತದೆ.

ಕೂಡಿಕೆಯ ಬಂಧ: ಹೆಚ್ಚಿನ ದೋಷಗಳು ಇಲ್ಲಿಯೇ

ಸಿಸ್ಟೀನಿನ ಥಯೋಲ್ ಗುಂಪನ್ನು (ಗಂಧಕ-ಹೈಡ್ರೋಜನ್ ಗುಂಪನ್ನು) ಕಣದ ಮೇಲಿನ ಮ್ಯಾಲಿಮೈಡ್ ಎಂಬ ಕ್ರಿಯಾಶೀಲ ಗುಂಪಿಗೆ ಕೂಡಿಸುವುದು ಅತ್ಯಂತ ಬಳಕೆಯಲ್ಲಿರುವ ದಾರಿ. ಈ ಕ್ರಿಯೆ ಪಿಎಚ್ 6.5ರಿಂದ 7.5ರ ನಡುವೆ ಥಯೋಲ್‌ಗೆ ನಿಷ್ಠವಾಗಿರುತ್ತದೆ. ಅದಕ್ಕಿಂತ ಮೇಲೇರಿದರೆ ಲೈಸಿನಿನ ಅಮೈನ್ ಕೂಡ ಪಾಲ್ಗೊಳ್ಳುತ್ತದೆ, ಮ್ಯಾಲಿಮೈಡ್ ನೀರಿನೊಡನೆ ವರ್ತಿಸಿ ನಿಷ್ಕ್ರಿಯವಾಗುವುದೂ ಹೆಚ್ಚುತ್ತದೆ. ಕೂಡಿಕೆ ಕಡಿಮೆಯಾಗಿದೆ ಎನ್ನಿಸಿದಾಗ ಎಲ್ಮನ್ ಅವರು 1959ರಲ್ಲಿ ಪ್ರಕಟಿಸಿದ ಕಾರಕವನ್ನು ಬಳಸಿ, 412 ನ್ಯಾನೋಮೀಟರ್ ತರಂಗಾಂತರದಲ್ಲಿ ಬಿಡಿ ಥಯೋಲ್ ಎಷ್ಟಿದೆ ಎಂದು ಕೂಡಿಕೆಗೆ ಮುನ್ನವೇ ಅಳೆಯಬೇಕು. ಥಯೋಲ್ ಇಲ್ಲದಿದ್ದರೆ ಸಿಸ್ಟೀನ್ ಆಗಲೇ ಉತ್ಕರ್ಷಣಗೊಂಡಿದೆ ಎಂದರ್ಥ. ಆಗ ಡಿಟಿಟಿ ಅಥವಾ ಟಿಸಿಇಪಿ ಎಂಬ ಅಪಕರ್ಷಕವನ್ನು ಹಾಕಿ ಗಂಧಕದ ಸೇತುವೆಯನ್ನು ಒಡೆಯುವುದು ವಾಡಿಕೆ; ಆದರೆ ಡಿಟಿಟಿ ಸ್ವತಃ ಥಯೋಲ್ ಆದ್ದರಿಂದ ಅದನ್ನು ಪೂರ್ತಿ ತೆಗೆಯದೆ ಹೋದರೆ ಮ್ಯಾಲಿಮೈಡ್ ಅನ್ನು ಅದೇ ಕಬಳಿಸುತ್ತದೆ, ಮತ್ತು ಟಿಸಿಇಪಿ ಸಹ ಮ್ಯಾಲಿಮೈಡ್ ಜೊತೆ ವರ್ತಿಸಬಲ್ಲದು.

ಇದಕ್ಕಿಂತ ಗಂಭೀರವಾದ ಅಪಾಯ ಪೆಪ್ಟೈಡಿನ ಉಂಗುರಕ್ಕೆ ಸಂಬಂಧಿಸಿದ್ದು. ಸಿಆರ್‌ಜಿಡಿಎಫ್‌ಕೆ ಎಂಬ ಉಂಗುರಾಕಾರದ ಪೆಪ್ಟೈಡ್ ಅಮೈಡ್ ಬಂಧದಿಂದಲೇ ಮುಚ್ಚಿಕೊಂಡಿರುವುದರಿಂದ ಅಪಕರ್ಷಕ ಅದಕ್ಕೆ ಏನೂ ಮಾಡದು. ಕೂಡಿಸುವುದಕ್ಕೆಂದು ಅದರಲ್ಲಿರುವ ಲೈಸಿನ್ ಗ್ರಾಹಿಯನ್ನು ಹಿಡಿಯುವ ಭಾಗದಲ್ಲಿಲ್ಲ. ಐಆರ್‌ಜಿಡಿ ಎಂಬ, ಗೆಡ್ಡೆಯೊಳಕ್ಕೆ ನುಗ್ಗಬಲ್ಲ ಮತ್ತೊಂದು ಉಂಗುರಾಕಾರದ ಆರ್‌ಜಿಡಿ ಪೆಪ್ಟೈಡಿನ ಸ್ಥಿತಿ ಹಾಗಲ್ಲ. ಅದರ ಒಂಬತ್ತು ಅಮೈನೋ ಆಮ್ಲಗಳಲ್ಲಿ ಮೊದಲನೆಯದೂ ಕೊನೆಯದೂ ಸಿಸ್ಟೀನ್‌ಗಳು. ಅವುಗಳ ನಡುವಿನ ಗಂಧಕದ ಸೇತುವೆಯೇ ಉಂಗುರವನ್ನು ಹಿಡಿದಿಡುತ್ತದೆ. ಕೂಡಿಕೆಗಾಗಿ ಹೊರಗೆ ಮತ್ತೊಂದು ಸಿಸ್ಟೀನ್ ಸೇರಿಸಿ, ಅದನ್ನು ಸಕ್ರಿಯಗೊಳಿಸಲು ಅಪಕರ್ಷಕ ಹಾಕಿದರೆ ಒಳಗಿನ ಉಂಗುರವೂ ಒಡೆಯುತ್ತದೆ, ಮೂರೂ ಸಿಸ್ಟೀನ್‌ಗಳು ತಮಗೆ ತೋಚಿದಂತೆ ಜೋಡಿಗೊಳ್ಳುತ್ತವೆ. ಕಣದ ಮೇಲೆ ಪೆಪ್ಟೈಡ್ ಇದೆ ಎಂದು ಎಲ್ಲ ಅಳತೆಗಳೂ ಹೇಳುತ್ತಿದ್ದು ಅದು ಕೆಲಸ ಮಾಡದಿದ್ದರೆ ಈ ಸಾಧ್ಯತೆಯನ್ನು ಮೊದಲು ನೋಡಬೇಕು. ಉಂಗುರವನ್ನು ಮುಟ್ಟದ ಅಜೈಡ್-ಆಲ್ಕೈನ್ ಕೂಡಿಕೆಗೆ ಬದಲಾಯಿಸುವುದು ಇದಕ್ಕೆ ನೇರವಾದ ಪರಿಹಾರ.

ಕಾರ್ಬಾಕ್ಸಿಲ್ ಮತ್ತು ಅಮೈನ್ ಗುಂಪುಗಳನ್ನು ಇಡಿಸಿ ಎಂಬ ಬೆಸೆಯುವ ಕಾರಕವನ್ನು ಬಳಸಿ ಕೂಡಿಸುವವರು ಮತ್ತೊಂದು ಬಲೆಗೆ ಬೀಳುತ್ತಾರೆ. ಆರ್‌ಜಿಡಿ ಗ್ರಾಹಿಯನ್ನು ಹಿಡಿಯಲು ಆಸ್ಪಾರ್ಟಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪು ಇರಲೇಬೇಕು. ಕಣ, ಪೆಪ್ಟೈಡ್, ಇಡಿಸಿ ಮೂರನ್ನೂ ಒಟ್ಟಿಗೆ ಬೆರೆಸಿದರೆ ಇಡಿಸಿ ಕಣದ ಕಾರ್ಬಾಕ್ಸಿಲ್ ಯಾವುದು, ಪೆಪ್ಟೈಡಿನ ಕಾರ್ಬಾಕ್ಸಿಲ್ ಯಾವುದು ಎಂದು ಭೇದ ಮಾಡುವುದಿಲ್ಲ. ಪೆಪ್ಟೈಡ್‌ಗಳು ತಮ್ಮತಮ್ಮಲ್ಲೇ ಬೆಸೆದುಕೊಂಡು, ಹಿಡಿಯಬೇಕಾದ ಕೊಂಡಿಯೇ ಬಂಧದಲ್ಲಿ ಮುಚ್ಚಿಹೋಗುತ್ತದೆ. ಕಣದ ಕಾರ್ಬಾಕ್ಸಿಲ್‌ಗಳನ್ನು ಮೊದಲು ಆಮ್ಲೀಯ ಬಫರಿನಲ್ಲಿ ಇಡಿಸಿ ಮತ್ತು ಅದರ ಸಹಕಾರಕ ಎನ್‌ಎಚ್‌ಎಸ್‌ನಿಂದ ಸಕ್ರಿಯಗೊಳಿಸಿ, ಉಳಿದ ಇಡಿಸಿಯನ್ನು ತೊಳೆದು ತೆಗೆದು, ಆಮೇಲೆ ಪೆಪ್ಟೈಡನ್ನು ಹಾಕುವ ಎರಡು ಹಂತದ ವಿಧಾನ ಇದನ್ನು ತಪ್ಪಿಸುತ್ತದೆ. ಟ್ರಿಸ್ ಮತ್ತು ಗ್ಲೈಸಿನ್ ಬಫರುಗಳಲ್ಲಿ ಅಮೈನ್ ಇರುವುದರಿಂದ ಈ ಕೆಲಸಕ್ಕೆ ಅವು ಸಲ್ಲವು.

ಬಂಧ ಸರಿಯಿದ್ದರೂ ದಿಕ್ಕು ತಪ್ಪಿರಬಹುದು. ಗುರಿಗೆ ಅಂಟುವ ಪೆಪ್ಟೈಡ್‌ಗಳನ್ನು ಹುಡುಕಲು ಅವನ್ನು ವೈರಾಣುಗಳ ಹೊರಮೈಯಲ್ಲಿ ಕೂರಿಸಿ ಆಯ್ಕೆ ಮಾಡುವುದುಂಟು. ಎಂ13 ವೈರಾಣುವಿನ ಪಿ3 ಪ್ರೋಟೀನಿನ ಮೇಲೆ ಆಯ್ದ ಪೆಪ್ಟೈಡ್‌ಗಳು ತಮ್ಮ ಅಮೈನ್ ತುದಿಯನ್ನು ಹೊರಚಾಚಿ, ಕಾರ್ಬಾಕ್ಸಿಲ್ ತುದಿಯಲ್ಲಿ ವೈರಾಣುವಿಗೆ ಅಂಟಿಕೊಂಡಿರುವ ಸ್ಥಿತಿಯಲ್ಲಿಯೇ ಆಯ್ಕೆಯಾದವು. ಅಂಥವನ್ನು ಅಮೈನ್ ತುದಿಯಿಂದ ಕಣಕ್ಕೆ ಕೂಡಿಸಿದರೆ ಅವು ತಮ್ಮ ಸಾಮರ್ಥ್ಯವನ್ನು ಕಳೆದುಕೊಳ್ಳಬಹುದು. ಟಿ7 ವೈರಾಣುವಿನಲ್ಲಿ ಇದು ತಿರುವುಮುರುವು: ಅಲ್ಲಿ ಕಾರ್ಬಾಕ್ಸಿಲ್ ತುದಿ ಮುಕ್ತ. 2009ರಲ್ಲಿ ವರ್ಣಿತವಾದ ಸೆಂಡ್‌ಆರ್ (ಕಾರ್ಬಾಕ್ಸಿಲ್ ತುದಿಯ ನಿಯಮ) ತತ್ತ್ವವು ಇದೇ ಮುಕ್ತ ತುದಿಯ ಮೇಲೆ ನಿಂತಿದೆ. ಐಆರ್‌ಜಿಡಿ ಮೊದಲು ಇಂಟೆಗ್ರಿನ್ ಹಿಡಿದು, ಗೆಡ್ಡೆಯ ಪ್ರೋಟಿಯೇಸ್‌ನಿಂದ (ಪ್ರೋಟೀನು ಕತ್ತರಿಸುವ ಕಿಣ್ವದಿಂದ) ಕತ್ತರಿಸಲ್ಪಟ್ಟು, ಹೊಸದಾಗಿ ಹೊರಬಂದ ಕಾರ್ಬಾಕ್ಸಿಲ್ ತುದಿಯಿಂದ ನ್ಯೂರೋಪಿಲಿನ್-1 ಎಂಬ ಗ್ರಾಹಿಯನ್ನು ಹಿಡಿದು, ಅಂಗಾಂಶದ ಆಳಕ್ಕೆ ಇಳಿಯುತ್ತದೆ. ಕತ್ತರಿಸಿದಾಗ ಕಣದ ಜೊತೆ ಉಳಿಯುವುದು ಯಾವ ತುಂಡು ಎಂಬುದು ಕೂಡಿಸಿದ ತುದಿಯನ್ನು ಅವಲಂಬಿಸಿದೆ. ಕಾರ್ಬಾಕ್ಸಿಲ್ ಕಡೆಯಿಂದ ಕೂಡಿಸಿದ್ದರೆ ನ್ಯೂರೋಪಿಲಿನ್ ಹಿಡಿಯುವ ತುಂಡು ಕಳಚಿಹೋಗಿ, ಕಣ ಹಿಂದೆ ಉಳಿಯುತ್ತದೆ. ಕಣವು ರಕ್ತನಾಳದ ಗೋಡೆಯಲ್ಲಿ ನಿಂತುಬಿಟ್ಟು ಮುಂದೆ ಹೋಗದಿದ್ದರೆ ಕೂಡಿಕೆಯ ನಕ್ಷೆಯನ್ನು ತೆರೆದು ಈ ಒಂದು ಅಂಶವನ್ನು ನೋಡಬೇಕು.

ಮೇಲ್ಮೈಯಲ್ಲಿ ಅಡಗಿದ ಪೆಪ್ಟೈಡ್, ಮತ್ತು ತೊಳೆಯದೆ ಉಳಿದ ಪೆಪ್ಟೈಡ್

ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲೆಂದು ಕಣವನ್ನು ಪಾಲಿಎಥಿಲೀನ್ ಗ್ಲೈಕಾಲ್ ಎಳೆಗಳಿಂದ ಹೊದಿಸುತ್ತಾರೆ. ಹೊದಿಕೆಯ ಎಳೆಗಳು 5000 ಡಾಲ್ಟನ್‌ನವಾಗಿದ್ದು ಪೆಪ್ಟೈಡ್ ಕೂತಿರುವುದು 2000 ಡಾಲ್ಟನ್‌ನ ಎಳೆಯ ತುದಿಯಲ್ಲಾದರೆ, ಪೆಪ್ಟೈಡ್ ಹೊದಿಕೆಯೊಳಗೇ ಹೂತುಹೋಗಿ ಗ್ರಾಹಿಯನ್ನು ಎಟುಕುವುದಿಲ್ಲ. ಪೆಪ್ಟೈಡಿನ ಎಳೆ ಸುತ್ತಲಿನ ಎಳೆಗಳಿಗಿಂತ ಉದ್ದವಾಗಿರುವಂತೆ ಮಾಡಿ ಪುನಃ ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ಪೆಪ್ಟೈಡಿನ ಸಂಖ್ಯೆಯನ್ನು ಹೆಚ್ಚಿಸುವುದು ಈ ದೋಷಕ್ಕೆ ಪರಿಹಾರವಲ್ಲ. ಸಂಖ್ಯೆ ಹೆಚ್ಚಾದಷ್ಟೂ ಹೊದಿಕೆಯ ರಕ್ಷಣೆ ಕುಗ್ಗಿ, ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಕಣವನ್ನು ಬೇಗನೆ ಗುರುತಿಸುತ್ತವೆ. ಹಲವು ಪೆಪ್ಟೈಡ್‌ಗಳು ಏಕಕಾಲಕ್ಕೆ ಹಿಡಿಯುವುದರಿಂದ ಒಟ್ಟು ಹಿಡಿತ ಗಟ್ಟಿಯಾಗುತ್ತದೆ ಎಂಬುದು ನಿಜ, ಆದರೆ ಆ ಲಾಭಕ್ಕೆ ಒಂದು ಮಿತಿಯಿದೆ. ಆದ್ದರಿಂದ ಮೂರ್ನಾಲ್ಕು ಸಾಂದ್ರತೆಗಳ ಕಣಗಳನ್ನು ಮಾಡಿ ಹೋಲಿಸದೆ ಒಂದೇ ಸಾಂದ್ರತೆಯ ಫಲಿತಾಂಶದಿಂದ ಪೆಪ್ಟೈಡನ್ನು ತಳ್ಳಿಹಾಕಬಾರದು.

ಕೂಡಿಕೊಳ್ಳದೆ ಉಳಿದ ಬಿಡಿ ಪೆಪ್ಟೈಡ್ ಇನ್ನೂ ಸರಳವಾದ, ಆದರೂ ಪದೇ ಪದೇ ಮರೆಯುವ ಕಾರಣ. ಅದು ಕಣಕ್ಕಿಂತ ಬೇಗ ಹೋಗಿ ಗ್ರಾಹಿಗಳನ್ನು ಆಕ್ರಮಿಸಿಕೊಳ್ಳುತ್ತದೆ. ನಾವು ಬೇಕೆಂದು ಮಾಡುವ ಸ್ಪರ್ಧೆಯ ಪರೀಕ್ಷೆಯನ್ನು ಅರಿಯದೆಯೇ ಪ್ರತಿ ಸೀಸೆಯಲ್ಲೂ ಮಾಡಿದಂತಾಗುತ್ತದೆ. ಡಯಾಲಿಸಿಸ್ ಅಥವಾ ಗಾತ್ರಾಧಾರಿತ ಕ್ರೊಮಟೊಗ್ರಫಿ ಮಾಡಿದ ಬಳಿಕ ಅಂಟುವಿಕೆ ಏರಿದರೆ ದೋಷ ಸಿಕ್ಕಿತು.

ಕೋಶದ ತಟ್ಟೆಯಲ್ಲಿ ಹುಟ್ಟುವ ಸುಳ್ಳು ಫಲಿತಾಂಶಗಳು

ಇಂಟೆಗ್ರಿನ್‌ಗಳು ತಮ್ಮ ಬಂಧಕವನ್ನು ಹಿಡಿಯಲು ಮೆಗ್ನೀಸಿಯಂ, ಕ್ಯಾಲ್ಸಿಯಂ ಅಥವಾ ಮ್ಯಾಂಗನೀಸ್‌ನಂತಹ ದ್ವಿಧನ ಅಯಾನುಗಳನ್ನು ಅವಲಂಬಿಸಿವೆ; ಆಸ್ಪಾರ್ಟಿಕ್ ಆಮ್ಲದ ಕಾರ್ಬಾಕ್ಸಿಲ್ ಗ್ರಾಹಿಯಲ್ಲಿ ಕೂಡಿಕೊಳ್ಳುವುದು ಇಂತಹ ಅಯಾನಿನ ಮೂಲಕವೇ. ಕೋಶಗಳನ್ನು, ಇಂತಹ ಅಯಾನುಗಳನ್ನು ಸೆಳೆದುಕೊಳ್ಳುವ ಇಡಿಟಿಎ ಬಳಸಿ ತಟ್ಟೆಯಿಂದ ಬಿಡಿಸಿ, ಕ್ಯಾಲ್ಸಿಯಂ ಮೆಗ್ನೀಸಿಯಂ ಇಲ್ಲದ ಫಾಸ್ಫೇಟ್ ಬಫರಿನಲ್ಲಿ ತೊಳೆದು, ಅದೇ ಬಫರಿನಲ್ಲಿ ಕಣಗಳನ್ನು ಹಾಕಿ ಫ್ಲೋ ಸೈಟೋಮೀಟರ್‌ಗೆ (ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಉಪಕರಣಕ್ಕೆ) ಒಯ್ದರೆ, ಅತ್ಯುತ್ತಮ ಆರ್‌ಜಿಡಿ ಕಣವೂ ಸೋಲುತ್ತದೆ. ಬಫರಿಗೆ 1 ಮಿಲಿಮೋಲಾರ್ ಮಟ್ಟದಲ್ಲಿ ಮ್ಯಾಂಗನೀಸ್ ಕ್ಲೋರೈಡ್ ಸೇರಿಸಿ ಮರಳಿ ನೋಡುವುದು ಸುಲಭವಾದ ಪರೀಕ್ಷೆ. ಆಗ ಅಂಟುವಿಕೆ ಮರಳಿ ಬಂದರೆ ಕಣ ನಿರ್ದೋಷಿ. ಟ್ರಿಪ್ಸಿನ್ ಬಳಸಿದ್ದರೆ ಅದು ಕೋಶದ ಹೊರಗಿನ ಪ್ರೋಟೀನುಗಳನ್ನೂ ಕತ್ತರಿಸಿರಬಹುದು. ಆದಕಾರಣ ಗ್ರಾಹಿ ಇದೆಯೇ ಎಂದು ಪ್ರತಿಕಾಯದಿಂದ ನೋಡುವಾಗ, ಪ್ರಯೋಗಕ್ಕೆ ಬಳಸುವ ರೀತಿಯಲ್ಲೇ ಬಿಡಿಸಿದ ಕೋಶಗಳಲ್ಲೇ ನೋಡಬೇಕು. ಮೆದುಳಿನ ಗೆಡ್ಡೆಯಿಂದ ಬಂದ ಯು87ಎಂಜಿ ಕೋಶಗಳಲ್ಲಿ ಆಲ್ಫಾವಿ-ಬೀಟಾ3 ಇಂಟೆಗ್ರಿನ್ ಸಮೃದ್ಧವಾಗಿದೆ, ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳಲ್ಲಿ ಅತ್ಯಲ್ಪ ಎಂಬುದು ಸಾಮಾನ್ಯ ತಿಳಿವಳಿಕೆಯಾದರೂ, ಉಂಗುರಾಕಾರದ ಆರ್‌ಜಿಡಿ ಆಲ್ಫಾವಿ-ಬೀಟಾ5 ಅನ್ನೂ ಹಿಡಿಯುವುದರಿಂದ ಎಂಸಿಎಫ್-7 ಅನ್ನು ಪೂರ್ಣ ಶೂನ್ಯವೆಂದು ಭಾವಿಸುವುದು ಸರಿಯಲ್ಲ.

ಸೀರಮ್ ಇರುವ ಮಾಧ್ಯಮದಲ್ಲಿ ವಿಟ್ರೊನೆಕ್ಟಿನ್ ಮತ್ತು ಫೈಬ್ರೊನೆಕ್ಟಿನ್ ಇರುತ್ತವೆ, ಇವೆರಡರಲ್ಲೂ ಆರ್‌ಜಿಡಿ ಇದೆ; ಅವು ಕಣದೊಡನೆ ಸ್ಪರ್ಧಿಸುತ್ತವೆ.

ಇನ್ನು ಬೆಳಕಿನ ಮೋಸ. ಕಣದೊಳಗೆ ಸುಮ್ಮನೆ ತುಂಬಿಸಿಟ್ಟ ಕೊಬ್ಬಿನಲ್ಲಿ ಕರಗುವ ಪ್ರತಿದೀಪ್ತ ಬಣ್ಣವು ಕಣವನ್ನು ಬಿಟ್ಟು ನೇರವಾಗಿ ಕೋಶದ ಪೊರೆಗೆ ದಾಟಬಲ್ಲದು. ಆಗ ಪೆಪ್ಟೈಡ್ ಇದ್ದರೂ ಇಲ್ಲದಿದ್ದರೂ ಕೋಶಗಳು ಒಂದೇ ರೀತಿ ಹೊಳೆಯುತ್ತವೆ, ಮತ್ತು ಹೊಳೆಯುತ್ತಿರುವುದು ಬಣ್ಣವೇ ಹೊರತು ಕಣವಲ್ಲ. ಬಣ್ಣವನ್ನು ಕಣದ ಪಾಲಿಮರಿಗೇ ರಾಸಾಯನಿಕವಾಗಿ ಬೆಸೆದ ಕಣದೊಂದಿಗೆ ಹೋಲಿಸಿದರೆ ಇದು ಬಯಲಾಗುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು: ಫ್ಲೋರೆಸಿನ್ ಬಣ್ಣವು ಆಮ್ಲೀಯ ವಾತಾವರಣದಲ್ಲಿ ಮಂಕಾಗುವುದರಿಂದ, ಕೋಶದ ಎಂಡೋಸೋಮಿನೊಳಗೆ (ಕೋಶ ನುಂಗಿದ್ದನ್ನು ಹೊತ್ತ ಆಮ್ಲೀಯ ಚೀಲದೊಳಗೆ) ಯಶಸ್ವಿಯಾಗಿ ಹೋದ ಕಣವೇ ಕಾಣದೆ ಹೋಗಬಹುದು. ಅಂಟುವುದನ್ನೂ ಒಳಹೋಗುವುದನ್ನೂ ಬೇರ್ಪಡಿಸಲು ಅದೇ ಪ್ರಯೋಗವನ್ನು 4 ಡಿಗ್ರಿ ಸೆಲ್ಸಿಯಸ್ ಮತ್ತು 37 ಡಿಗ್ರಿ ಸೆಲ್ಸಿಯಸ್ ಎರಡರಲ್ಲೂ ಮಾಡಬೇಕು. ತಣ್ಣಗಿದ್ದಾಗ ಕೋಶ ಕಣವನ್ನು ನುಂಗುವುದಿಲ್ಲ.

ಎಲ್ಲ ಕೋಶಗಳಿಗೂ ಅಂಟುವ ಕಣ

ಇದಕ್ಕೆ ಬಹುಪಾಲು ಕಾರಣ ಧನಾವೇಶ. ಆರ್ಜಿನೈನ್, ಲೈಸಿನ್ ಹೆಚ್ಚಿರುವ ಪೆಪ್ಟೈಡ್‌ಗಳು ಕಣವನ್ನು ಧನಾವಿಷ್ಟವಾಗಿಸುತ್ತವೆ, ಕೋಶದ ಹೊರಮೈ ಋಣಾವಿಷ್ಟ. ಅದಲುಬದಲು ಅನುಕ್ರಮದ ಪೆಪ್ಟೈಡ್ ಹೊತ್ತ ಕಣವೂ ಅಷ್ಟೇ ಅಂಟಿದರೆ ಮತ್ತು ಬಿಡಿ ಪೆಪ್ಟೈಡ್ ಅದನ್ನು ತಡೆಯದಿದ್ದರೆ ಆಕರ್ಷಣೆ ವಿದ್ಯುತ್ತಿನದೇ ಎಂದು ತಿಳಿಯಬೇಕು. ಕಣಗಳು ಒಟ್ಟುಗೂಡಿ ತಳಕ್ಕೆ ಇಳಿದು ಕೋಶಗಳ ಮೇಲೆ ಕೂತಿದ್ದರೂ ಇದೇ ನೋಟ ಸಿಗುತ್ತದೆ. ಗಾತ್ರವನ್ನು ನೀರಿನಲ್ಲಲ್ಲದೆ ಕೋಶದ ಮಾಧ್ಯಮದಲ್ಲೇ ಅಳೆಯಬೇಕು. ಬೆಳಕಿನ ಚದುರುವಿಕೆ ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ ಕೆಲವೇ ಗಂಟುಗಳಿದ್ದರೂ ಚದುರಿದ ಬೆಳಕಿನಿಂದ ಗಾತ್ರ ಅಳೆಯುವ ಉಪಕರಣ ಅವನ್ನು ಎತ್ತಿ ತೋರಿಸುತ್ತದೆ.

ತಟ್ಟೆಯಲ್ಲಿ ಸರಿ, ಪ್ರಾಣಿಯಲ್ಲಿ ಇಲ್ಲ

ಇಲ್ಲಿ ಮೊದಲು ಮಾಡಬೇಕಾದದ್ದು ಪ್ರಾಣಿಯ ಮುನ್ನದ ಒಂದು ಮಧ್ಯಂತರ ಪರೀಕ್ಷೆ: ಕಣವನ್ನು ಸೀರಮ್‌ನಲ್ಲಿ ನೆನೆಸಿಟ್ಟು, ತೊಳೆದು, ಮತ್ತೆ ಕೋಶಗಳ ಮೇಲೆ ಹಾಕುವುದು. ಸೀರಮ್‌ನ ಪ್ರೋಟೀನುಗಳು ಕಣದ ಸುತ್ತ ಪದರವಾಗಿ ಕೂತು ಪೆಪ್ಟೈಡನ್ನು ಮುಚ್ಚಬಲ್ಲವು. ಟ್ರಾನ್ಸ್‌ಫೆರಿನ್ ಪ್ರೋಟೀನ್ ಹೊತ್ತ ಕಣಗಳು ಸೀರಮ್‌ನಲ್ಲಿ ತಮ್ಮ ಗುರಿ ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ ಎಂದು 2013ರಲ್ಲಿ ತೋರಿಸಲಾಯಿತು. ಚಿಕ್ಕ ಪೆಪ್ಟೈಡ್‌ಗಳನ್ನು ಇದೇ ಅನುಮಾನದಿಂದ ನೋಡುವುದು ಯುಕ್ತ. ಇದೇ ಪರೀಕ್ಷೆ ಇನ್ನೆರಡು ದೋಷಗಳನ್ನೂ ಹೊರಗೆಳೆಯುತ್ತದೆ. ಉಂಗುರವಿಲ್ಲದ ನೇರ ಪೆಪ್ಟೈಡನ್ನು ಸೀರಮ್‌ನ ಪ್ರೋಟಿಯೇಸ್‌ಗಳು ಕತ್ತರಿಸಿಬಿಡಬಹುದು. ಮ್ಯಾಲಿಮೈಡಿನ ಬಂಧವು ಹಿಮ್ಮುಖವಾಗಿ ಸಡಿಲಗೊಂಡು ಪೆಪ್ಟೈಡ್ ಆಲ್ಬುಮಿನ್‌ನ ಥಯೋಲ್ ಗುಂಪಿಗೆ ವರ್ಗವಾಗಬಹುದು. ಬಂಧವಾದ ಮೇಲೆ ಅದರ ಉಂಗುರವನ್ನು ಜಲವಿಭಜನೆಯಿಂದ ತೆರೆದುಬಿಟ್ಟರೆ ಈ ವರ್ಗಾವಣೆ ನಿಲ್ಲುತ್ತದೆ. ಸೀರಮ್‌ನಲ್ಲಿ ಪೆಪ್ಟೈಡ್ ಕಣದ ಮೇಲೆ ಉಳಿದಿದೆಯೇ ಎಂದು ಅಳೆದರೆ, ಮುಚ್ಚಿಹೋಗಿದೆಯೋ ಕಳಚಿಹೋಗಿದೆಯೋ ಎಂಬುದು ತೀರ್ಮಾನವಾಗುತ್ತದೆ.

ಸೀರಮ್ ಪರೀಕ್ಷೆಯಲ್ಲೂ ಕಣ ಗೆದ್ದು, ಪ್ರಾಣಿಯ ಗೆಡ್ಡೆಯಲ್ಲಿ ಮಾತ್ರ ಹೆಚ್ಚಳ ಕಾಣದಿದ್ದರೆ, ನಿರೀಕ್ಷೆಯೇ ತಪ್ಪಿರಬಹುದು ಎಂದು ಒಮ್ಮೆ ಯೋಚಿಸಬೇಕು. ಹತ್ತು ವರ್ಷಗಳ ಪ್ರಕಟಣೆಗಳನ್ನು ಜಾಲಾಡಿದ 2016ರ ಸಮೀಕ್ಷೆಯ ಪ್ರಕಾರ, ಚುಚ್ಚಿದ ಕಣಗಳಲ್ಲಿ ಗೆಡ್ಡೆಯನ್ನು ತಲುಪುವ ಪಾಲಿನ ಮಧ್ಯಾಂಕ ಶೇಕಡಾ 0.7 ಮಾತ್ರ. ಗೆಡ್ಡೆಯವರೆಗಿನ ಪಯಣವನ್ನು ನಿರ್ಧರಿಸುವುದು ಮುಖ್ಯವಾಗಿ ರಕ್ತಸಂಚಾರ, ನಾಳಗಳ ಸೋರಿಕೆ ಮತ್ತು ಯಕೃತ್ತು. ಪೆಪ್ಟೈಡ್ ತನ್ನ ಕೆಲಸ ಮಾಡುವುದು ಕಣ ಗ್ರಾಹಿಯ ಬಳಿಗೆ ಬಂದ ಮೇಲೆಯೇ. ಎಚ್‌ಇಆರ್2 ಎಂಬ ಗ್ರಾಹಿಯನ್ನು ಹಿಡಿಯುವ ಪ್ರತಿಕಾಯ ಹೊತ್ತ ಲೈಪೋಸೋಮ್‌ಗಳ (ಕೊಬ್ಬಿನ ಪೊರೆಯ ಕಣಗಳ) ಮೇಲಿನ 2006ರ ಅಧ್ಯಯನದಲ್ಲೂ, ಟ್ರಾನ್ಸ್‌ಫೆರಿನ್ ಹೊತ್ತ ಕಣಗಳ ಮೇಲಿನ 2007ರ ಅಧ್ಯಯನದಲ್ಲೂ ಗೆಡ್ಡೆಯಲ್ಲಿ ಸೇರಿದ ಒಟ್ಟು ಪ್ರಮಾಣ ಬದಲಾಗಲಿಲ್ಲ. ಬದಲಾದದ್ದು ಗೆಡ್ಡೆಯ ಕೋಶಗಳ ಒಳಗೆ ಹೋದ ಪ್ರಮಾಣ. ಹೀಗಿರುವಾಗ ಇಡೀ ಗೆಡ್ಡೆಯನ್ನು ಅರೆದು ಅಳೆಯುವವರು ಇಲ್ಲದ ದೋಷವನ್ನು ಕಾಣುತ್ತಾರೆ. ಅಂಗಾಂಶದ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅಥವಾ ಗೆಡ್ಡೆಯ ಕೋಶಗಳನ್ನು ಬಿಡಿಸಿ ಕ್ಯಾನ್ಸರ್ ಕೋಶ, ನಾಳದ ಕೋಶ, ಭಕ್ಷಕ ಕೋಶ ಎಂದು ಬೇರೆ ಮಾಡಿ ಎಣಿಸಬೇಕು. ಕಣಗಳೆಲ್ಲ ನಾಳದ ಅಂಚಿನಲ್ಲೇ ಗುಂಪಾಗಿದ್ದರೆ, ಗುರಿ ನಾಳದ ಮೇಲಿದೆಯೋ ಕೋಶದ ಮೇಲಿದೆಯೋ ಎಂದು ಕೇಳಿಕೊಳ್ಳಬೇಕು; ಕೋಶದ ಮೇಲೆಯೇ ಇದ್ದರೆ, ಹಿಡಿತ ಅತಿಯಾಗಿ ಬಿಗಿಯಾಗಿದ್ದು ಮೊದಲು ಸಿಕ್ಕ ಕೋಶಗಳಲ್ಲೇ ಕಣ ನಿಂತುಬಿಟ್ಟಿರಬಹುದು, ಆಗ ಪೆಪ್ಟೈಡಿನ ಸಾಂದ್ರತೆ ಇಳಿಸಿ ನೋಡಬೇಕು.

ಮೊದಲ ಚುಚ್ಚುಮದ್ದಿನಲ್ಲಿ ಸರಿಯಿದ್ದು ಕೆಲವು ದಿನಗಳ ನಂತರದ ಎರಡನೆಯದರಲ್ಲಿ ಕಣ ರಕ್ತದಿಂದ ಬೇಗನೆ ಮಾಯವಾದರೆ ಪೆಪ್ಟೈಡಿಗೆ ಅದರಲ್ಲಿ ಪಾಲಿಲ್ಲದಿರಬಹುದು. ಪಾಲಿಎಥಿಲೀನ್ ಗ್ಲೈಕಾಲ್ ವಿರುದ್ಧ ಹುಟ್ಟಿದ ಐಜಿಎಂ ಪ್ರತಿಕಾಯಗಳು ಲೈಪೋಸೋಮ್‌ಗಳಲ್ಲಿ ಇದೇ ಪರಿಣಾಮ ಉಂಟುಮಾಡುತ್ತವೆ. ಪೆಪ್ಟೈಡ್ ಇಲ್ಲದ ಕಣವನ್ನೂ ಎರಡು ಬಾರಿ ಕೊಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಮೊದಲ ಸಲವೇ ಕಣ ಮಾಯವಾದರೆ ಗಾತ್ರ ಕಾರಣವಿರಬಹುದು: ಸುಮಾರು 5.5 ನ್ಯಾನೋಮೀಟರ್‌ಗಿಂತ ಚಿಕ್ಕ ಕಣಗಳು ಮೂತ್ರಪಿಂಡದ ಮೂಲಕ ಬೇಗ ಹೊರಹೋಗುತ್ತವೆ. ಸಿಲೆಂಜಿಟೈಡ್ ಎಂಬ ಉಂಗುರಾಕಾರದ ಆರ್‌ಜಿಡಿ ಔಷಧವು ಮೆದುಳಿನ ಗ್ಲಿಯೊಬ್ಲಾಸ್ಟೋಮದ ಮೂರನೇ ಹಂತದ ಪ್ರಯೋಗದಲ್ಲಿ ವಿಫಲವಾಗಿ, ಅದರ ಫಲಿತಾಂಶ 2014ರಲ್ಲಿ ಪ್ರಕಟವಾದದ್ದನ್ನು ಆರ್‌ಜಿಡಿ ಕಣಗಳ ವಿರುದ್ಧ ಸಾಕ್ಷ್ಯವೆಂದು ಮುಂದಿಡುವುದನ್ನು ಆಗಾಗ ಕೇಳುತ್ತೇವೆ. ಅಲ್ಲಿ ಸೋತದ್ದು ಗ್ರಾಹಿಯನ್ನು ತಡೆದು ರೋಗವನ್ನು ಹಿಮ್ಮೆಟ್ಟಿಸುವ ಪ್ರಯತ್ನ. ಅದೇ ಪೆಪ್ಟೈಡನ್ನು ದಾರಿ ತೋರಿಸಲು ಬಳಸುವುದು ಬೇರೆಯೇ ಪ್ರಶ್ನೆ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಕಡೆಯದಾಗಿ, ಕಣ ಸರಿಯಾದ ಕೋಶಕ್ಕೆ ಹೋಗಿದೆ, ಒಳಗೂ ಇದೆ, ಆದರೆ ಕೋಶ ಸಾಯುತ್ತಿಲ್ಲ ಎಂಬ ದೂರು. ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ಕಣದ ಬಣ್ಣವೂ ಲೈಸೋಸೋಮಿನ (ಕೋಶದ ಜೀರ್ಣಚೀಲದ) ಬಣ್ಣವೂ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಉಳಿದಿದ್ದರೆ, ಔಷಧ ಅಲ್ಲೇ ಸಿಕ್ಕಿಕೊಂಡಿದೆ. ಡಾಕ್ಸೊರುಬಿಸಿನ್‌ನಂತಹ ಔಷಧ ಕೋಶಕೇಂದ್ರವನ್ನು ಸೇರಬೇಕು, ಜೀನುಗಳನ್ನು ಸುಮ್ಮನಾಗಿಸುವ ಎಸ್‌ಐಆರ್‌ಎನ್‌ಎ ಎಂಬ ಕಿರು ಆರ್‌ಎನ್‌ಎ ಕೋಶರಸಕ್ಕೆ ಬರಬೇಕು; ಇವೆರಡನ್ನೂ ಲೈಸೋಸೋಮಿನಿಂದ ಬಿಡಿಸುವುದು ಗ್ರಾಹಿಯನ್ನು ಹಿಡಿಯುವ ಪೆಪ್ಟೈಡಿನ ಹೊಣೆಯಲ್ಲ. ಆಮ್ಲೀಯತೆಗೆ ಒಡೆಯುವ ಬಂಧವನ್ನೋ ಎಂಡೋಸೋಮಿನ ಪೊರೆಯನ್ನು ಕದಡುವ ಪದಾರ್ಥವನ್ನೋ ಕಣಕ್ಕೆ ಸೇರಿಸಿ ದುರಸ್ತಿ ಮಾಡಬೇಕು, ಮತ್ತು ಆ ದುರಸ್ತಿಯ ವೇಳೆ ಪೆಪ್ಟೈಡಿನ ಅನುಕ್ರಮವನ್ನೂ ಸಾಂದ್ರತೆಯನ್ನೂ ಇದ್ದ ಹಾಗೆಯೇ ಬಿಡಬೇಕು.